ಹಸುವಿನ ಹಿಂದೆ ಮನೆಯೊಳಗೆ

ಗೃಹಪ್ರವೇಶದ ಬೆಳಿಗ್ಗೆ ಹುಣಸೆಹಣ್ಣು ಹಚ್ಚಿ ಹಿತ್ತಾಳೆ ಪಾತ್ರೆ ತಿಕ್ಕಿದೆ. ಬಾಗಿಲಿಗೆ ಮಾವಿನೆಲೆ ಕಟ್ಟಿದೆ. ಅತ್ತೆಯ ಕಣ್ಣಿಗೆ ಔಷಧಿ ಬಿಟ್ಟೆ, ಮಗಳ ಜಡೆ ಹೆಣೆದೆ, ಹೊಸ ಒಲೆಗೆ ಕುಂಕುಮ ಇಟ್ಟೆ. ಇನ್ನೊಂದು ಕೆಲಸ ಉಳಿದಿತ್ತು. ಹಸು ಮುಂದೆ ಹೋಗಬೇಕು, ಅದರ ಹಿಂದೆಯೇ ತುಂಬಿದ ಕೊಡ ಹಿಡಿದು ಮನೆಯಾಕೆ ಒಳಗೆ ಕಾಲಿಡಬೇಕು. ಮನೆಯಾಕೆ ನಾನು. ನನಗೆ ದನ ಕಂಡರೆ ಜೀವ ಬಾಯಿಗೆ ಬರುತ್ತದೆ.

ಸೇಲಂ ಸೀಮೆಯ ನಂಗವಳ್ಳಿಯಂಥ ಬೇಸಾಯದ ಊರಿನಲ್ಲಿ ಇದನ್ನು ಹೇಳಿಕೊಳ್ಳುವುದೇ ನಗೆಪಾಟಲು. ಚಿಕ್ಕವಳಿದ್ದಾಗ, ದನಗಳನ್ನು ಪೂಜಿಸುವ ಮಾಟ್ಟುಪೊಂಗಲ್ ಹಬ್ಬದ ಸಂಜೆ, ಕೊಟ್ಟಿಗೆಯ ಗೋಡೆಗೂ ಎತ್ತಿಗೂ ನಡುವೆ ಸಿಕ್ಕಿಕೊಂಡಿದ್ದೆ. ಅದರ ಕೊಂಬುಗಳಿಗೆ ನೀಲಿ ಬಣ್ಣ ಬಳಿದಿದ್ದರು. ಒಂದು ಕೊಂಬು ನನ್ನ ಕಿವಿಯ ಪಕ್ಕ ಗೋಡೆ ಕೆರೆಯುತ್ತಿತ್ತು. ಕೂಗಲು ದನಿ ಬರಲಿಲ್ಲ. ಹೊರಗೆ ಪೊಂಗಲ್ ಉಕ್ಕಿತೆಂದು ಎಲ್ಲರೂ ಕೂಗುತ್ತಿದ್ದರು. ಮೈಮೇಲೆ ಗಾಯವಿರಲಿಲ್ಲ, ಹಾಗಾಗಿ ಯಾರ ಪಾಲಿಗೂ ಅದು ನಡೆದೇ ಇರಲಿಲ್ಲ. ನನಗೋ, ದೀಪ ಹಚ್ಚುವ ಹೊತ್ತಿಗೆ ಈಗಲೂ ಬಾಗಿಲ ಮೂಲೆಯಲ್ಲಿ ಆ ನೀಲಿ ಕಾಣುತ್ತದೆ.

ಮದುವೆಯಾದ ಮೇಲೆ ಎಲ್ಲರೂ ಅಕ್ಕರೆಯಿಂದಲೇ ನಡೆದುಕೊಂಡರು. ಗಂಡ ಮುಂದೆ ನಡೆದು ದಾರಿಯ ದನ ಅಟ್ಟುತ್ತಿದ್ದರು. ಅತ್ತೆ ಕೊಟ್ಟಿಗೆಯ ಕಡೆಯ ಕಿಟಕಿ ಮುಚ್ಚಿಸಿದರು, ತಾಯತ ಕಟ್ಟಿಸಿದರು, ಹಾಲು ತಾವೇ ಕರೆದರು. ವರ್ಷ ಕಳೆದಷ್ಟೂ ಭಯ ಬೆಳೆಯಿತು. ಕೊನೆಗೆ ಬೀದಿಯಲ್ಲಿ ದನದ ಗಂಟೆ ಕೇಳಿದರೂ ಒಳಗೆ ಓಡಿ ಚಿಲಕ ಹಾಕಿಕೊಳ್ಳುವಂತಾದೆ.

ಮಗಳೇ ಸೇಲಂನ ಮನೋವೈದ್ಯೆಯ ಹತ್ತಿರ ಕರೆದುಕೊಂಡು ಹೋದಳು. ನೀವು ಓಡಿದಾಗಲೆಲ್ಲ ಭಯ ಬಲಿಯುತ್ತದೆ, ದಾರಿ ತೆರವು ಮಾಡಿಕೊಡುವವರು ಅದಕ್ಕೇ ಮೇವು ಹಾಕುತ್ತಿದ್ದಾರೆ ಎಂದರು ಆಕೆ. “ಬಯಪ್ಪಡುಂಗ, ಆನಾ ನಿಲ್ಲುಂಗ.” ಹೆದರಿ, ಆದರೆ ನಿಲ್ಲಿ.

ಮೊದಲು ಮಗಳ ಫೋನಿನಲ್ಲಿ ಗಂಟೆಯ ಸದ್ದು, ಆಮೇಲೆ ಬೀದಿಯಾಚೆಯ ಕರು, ಆಮೇಲೆ ಇನ್ನಷ್ಟು ಹತ್ತಿರ. ಎದೆಬಡಿತ ತಾನಾಗಿ ಇಳಿಯುವ ತನಕ ನಿಲ್ಲಬೇಕಿತ್ತು. ಇಳಿಯುತ್ತಿತ್ತು. ಕೆಲವು ದಿನ ಎಷ್ಟು ನಿಂತರೂ ಇಳಿಯದೆ, ರವಿಕೆ ತೊಯ್ದು ಮನೆಗೆ ಬರುತ್ತಿದ್ದೆ.

ಈಗ ಹಸು ಬಾಗಿಲಿಗೆ ಬಂತು. ಅತ್ತೆ ನನ್ನ ಕಿವಿಯಲ್ಲಿ ಅಂದರು, “ನೀ ಇತ್ತಲ ಬಾಗ್ಲಾಗೆ ಬಾರವ್ವ. ಅಸು ಓದ್ಮ್ಯಾಕೆ ಕೊಡ ಇಸ್ಕೊ. ಯಾರ್ ಕೇಳ್ತಾರೆ?”

ಹಿತ್ತಲ ಬಾಗಿಲು ತೆರೆದೇ ಇತ್ತು. ಇವತ್ತು ಅಲ್ಲಿಂದ ನುಸುಳಿದರೆ ಈ ಮನೆಯಲ್ಲಿ ಎಂದೆಂದಿಗೂ ನುಸುಳಿದವಳಾಗಿಯೇ ಬಾಳಬೇಕು ಎನ್ನಿಸಿತು.

“ಇಲ್ಲತ್ತೆ. ಇಲ್ಲೇ ಓಯ್ತೀನಿ.”

ಹಸು ಹೊಸ್ತಿಲಲ್ಲಿ ನಿಂತುಬಿಟ್ಟಿತು. ಹೊಳೆಯುವ ಟೈಲ್ಸ್ ಮೇಲೆ ಗೊರಸು ಜಾರಿ, ಹಿಂದಕ್ಕೆ ಸರಿದು, ನನ್ನತ್ತ ಕತ್ತು ತಿರುಗಿಸಿತು. ಕಾಲಿಗೆ ಬುದ್ಧಿ ಹೇಳು ಅಂದಿತು ಮೈ.

“ಗೋಣಿಚೀಲ ಆಸ್ರಲಾ, ಜಾರ್ತೈತೆ!” ಎಂದು ಗಂಡ ಕೂಗಿದರು.

“ಅಸುನೂ ಎದ್ರುತೈತೆ, ಸೊಸೇನೂ ಎದ್ರುತಾಳೆ. ಇನ್ ಮನೆ ಒಳಕ್ಕೆ ಓಗೋರ್ ಯಾರಪ್ಪಾ?” ಗಂಡನ ಸೋದರತ್ತೆ ಎಲ್ಲರನ್ನೂ ನಗಿಸಿದರು.

ಗಂಡ ನಗಲಿಲ್ಲ. ಎಂದಿನ ರೂಢಿಯಂತೆ ನನಗೂ ಹಸುವಿಗೂ ನಡುವೆ ಬಂದು ನಿಂತರು.

“ಅಡ್ಡ ಬರ್ಬ್ಯಾಡಿ,” ಅಂದೆ. “ಸ್ವಲ್ಪ ಸರೀರಿ.”

ಅವರು ನನ್ನ ಮುಖ ನೋಡಿ ಸರಿದರು. ಹಸುವಿನ ಬಾಲ ನನ್ನ ಕೈಯಲ್ಲಿದ್ದ ಕೊಡಕ್ಕೆ ಬಡಿದು ನೀರು ಪಾದದ ಮೇಲೆ ಚೆಲ್ಲಿತು. ನಿಂತೆ. ಕಿವಿಯ ಪಕ್ಕ ಏನೋ ಕೆರೆದ ಸದ್ದು. ಗೋಣಿಚೀಲ ಎಳೆದದ್ದೋ, ಬೇರೆಯದೋ, ತಿರುಗಿ ನೋಡಲಿಲ್ಲ. ಹಸು ಒಳಗೆ ನಡೆಯಿತು. ಅದರ ಹಿಂದೆ ನಾನು, ಬಲಗಾಲಿಟ್ಟು.

ನಡುಮನೆಯಲ್ಲಿ ಅದು ಸಗಣಿ ಹಾಕಿತು, ಶುಭ ಎಂದರು. ಎತ್ತಿ ತೊಳೆದದ್ದು ನಾನೇ. ಆದರೂ ಸಂಜೆಯವರೆಗೂ ಆ ಜಾಗಕ್ಕೆ ಸುತ್ತು ಹಾಕಿಕೊಂಡೇ ಓಡಾಡಿದೆ, ಅಲ್ಲಿನ್ನೂ ಏನೋ ನಿಂತಿದೆ ಅನ್ನುವ ಹಾಗೆ. ನಡುಮನೆಯ ದೀಪ ಆರಿಸಬೇಡ ಎಂದೆ ಮಗಳಿಗೆ.

ಮಿಕ್ಕ ಅನ್ನಕ್ಕೆ ರಸ ಕಲಸಿ, ಹಪ್ಪಳದ ಜೊತೆ ಉಂಡೆವು. ತಳ ಹಿಡಿದ ಸಿಹಿ ಪೊಂಗಲನ್ನು ಮಗಳು ಕೆರೆದು ತಿಂದಳು. ಅತ್ತೆ ಮೊದಲು ಮಲಗಿದರು.