ಗೌರವ ಕೊಟ್ಟು ಬೈದವನ ಪರವಾಗಿ

ಅಮೆರಿಕದ ಆಸ್ಟಿನ್‌ನಲ್ಲಿ ನಾನು ಪಿಎಚ್‌ಡಿ ಮಾಡಿದ್ದು ಬೈಗುಳದ ಮೇಲೆ. ನಾಲ್ಕು ಶತಮಾನಗಳ ಹಿಂದೆ ಇಂಗ್ಲೆಂಡಿನಲ್ಲಿ, ಚರ್ಚು ಇನ್ನೂ ಸುಧಾರಿಸಬೇಕು ಎನ್ನುವವರು ಬಿಷಪ್ಪರನ್ನು ಲೇವಡಿ ಮಾಡುವ ಕರಪತ್ರಗಳನ್ನು ಕದ್ದುಮುಚ್ಚಿ ಅಚ್ಚು ಹಾಕಿಸುತ್ತಿದ್ದರು. ಬಿಷಪ್ಪರ ಕಡೆಯವರು ಬಾಡಿಗೆ ಬರಹಗಾರರನ್ನು ಹಿಡಿದು ಅದೇ ಧಾಟಿಯಲ್ಲಿ ತಿರುಗೇಟು ಕೊಡಿಸುತ್ತಿದ್ದರು. ಲೈಬ್ರರಿಯ ಮೈಕ್ರೋಫಿಲ್ಮ್ ಯಂತ್ರದ ಮುಂದೆ ಕೂತು ಇವನ್ನೆಲ್ಲ ಓದುತ್ತ ಒಬ್ಬಳೇ ನಗುತ್ತಿದ್ದೆ. ಕಂಪ್ಯೂಟರ್‌ಗಳ ವೈಟುಕೆ ದೋಷ ತಿದ್ದುವ ಕೆಲಸಕ್ಕೆಂದು ಡಾಲಸ್‌ಗೆ ಬಂದಿದ್ದ ಕನ್ನಡದ ಅಂಕಲ್‌ಗಳು, ಇದನ್ನು ಓದಿದರೆ ಯಾವ ಕೆಲಸ ಸಿಗುತ್ತದೆ ಎಂದು ಕೇಳುತ್ತಿದ್ದರು. ಬೈಯುವ ಕೆಲಸ ಎನ್ನುತ್ತಿದ್ದೆ.

ಗೈಡ್ ಜೊತೆ ನನ್ನ ಜಗಳ ಒಂದೇ ಕರಪತ್ರದ ಬಗ್ಗೆ. ಬಿಷಪ್ಪರನ್ನು ಲೇವಡಿ ಮಾಡುತ್ತಿದ್ದವರಲ್ಲಿ ಹೆಸರು ಹಾಕದ ಒಬ್ಬ ನನಗೆ ಅಚ್ಚುಮೆಚ್ಚು; ಅದೂ ಆ ಅನಾಮಿಕನದ್ದೇ ಎಂದು ಅವರು ತಮ್ಮ ಪುಸ್ತಕದಲ್ಲಿ ಬರೆದಿದ್ದರು. ಅಲ್ಲ, ಅವನ ಮಾನ ಕಳೆಯಲು ಬಿಷಪ್ಪರ ಬಾಡಿಗೆಯವನೊಬ್ಬ ಅವನಂತೆಯೇ ನಟಿಸಿ ಬರೆದ ನಕಲು ಅದು ಎಂದು ನಾನೊಂದು ಅಧ್ಯಾಯವನ್ನೇ ಬರೆದಿದ್ದೆ. ಅದು ನಿನ್ನ ಅನಿಸಿಕೆ, ಪುರಾವೆಯಲ್ಲ ಎಂದರು ಗೈಡ್. ಥೀಸಿಸ್ ಪರೀಕ್ಷಿಸುವ ಕಮಿಟಿಯೂ ಹಾಗೇ ಅಂದರೆ ಅಧ್ಯಾಯ ಹೋಗುತ್ತಿತ್ತು, ಅದರ ಮೇಲೆ ನಿಂತಿದ್ದ ಇಡೀ ಥೀಸಿಸ್ಸೂ ಹೋಗುತ್ತಿತ್ತು.

ನನ್ನ ಧೈರ್ಯವೆಲ್ಲ ಧಾರವಾಡದ್ದು. ಅಲ್ಲಿ ನಮ್ಮ ಚರ್ಚಿನಲ್ಲಿ ಎಲೆಕ್ಷನ್ ಬಂತೆಂದರೆ ಸಹಿಯಿಲ್ಲದ ಹ್ಯಾಂಡ್‌ಬಿಲ್‌ಗಳು ಬೆಂಚುಗಳ ಮೇಲೆ ಬಂದು ಕೂತಿರುತ್ತಿದ್ದವು. ಒಮ್ಮೆ ಸೆಕ್ರೆಟರಿಯಾಗಿದ್ದ ಅಪ್ಪನ ಮೇಲೇ ಬಂತು. ‘ಪರಮಪೂಜ್ಯ ಸೆಕ್ರೆಟರಿ ಸಾಹೇಬರ ಪಾದಗಳಿಗೆ’ ಎಂದೇ ಶುರು. ಅಪ್ಪ ಅದನ್ನು ಊಟಕ್ಕೆ ಕೂತಾಗ ಗಟ್ಟಿಯಾಗಿ ಓದಿ ನಕ್ಕು ನಕ್ಕು ಸುಸ್ತಾದರು.

“ಬೈದಿದ್ರ ನಾನೂ ಬೈತಿದ್ದೆ. ಇಷ್ಟ ಮರ್ಯಾದಿ ಕೊಟ್ಟಾನಲ್ಲ, ಈಗ ನಾ ಏನ ಮಾಡ್ಲಿ?”

ನನ್ನ ಅನಾಮಿಕನದ್ದೂ ಅದೇ ಕಸುಬು. ಬಿಷಪ್ಪರಿಗೆ ಅಡ್ಡಬಿದ್ದು, ಆರೋಗ್ಯ ವಿಚಾರಿಸಿ, ಆಮೇಲೆ ಚುಚ್ಚುತ್ತಿದ್ದ. ನಕಲಿನವನಿಗೆ ಅಷ್ಟು ತಾಳ್ಮೆ ಎಲ್ಲಿಯದು? ಮೊದಲ ಸಾಲಿನಲ್ಲೇ ಬಿಷಪ್ಪರಿಗೆ ಉಗಿದಿದ್ದ.

ಕಮಿಟಿಯ ಎದುರು ಮೌಖಿಕ ಪರೀಕ್ಷೆಯ ದಿನ, ಎರಡನ್ನೂ ಗಟ್ಟಿಯಾಗಿ ಓದುತ್ತೇನೆ ಎಂದೆ. ಗೈಡ್ ಗಡಿಯಾರ ನೋಡಿ ಹೂಂ ಎಂದರು. ಮೊದಲು ಅನಾಮಿಕನ ಅಸಲಿ ಕರಪತ್ರವನ್ನು ಅಪ್ಪನ ಧಾಟಿಯಲ್ಲಿ, ಮುಖದ ತುಂಬ ಭಕ್ತಿ ತಂದುಕೊಂಡು ಓದಿದೆ. ಕಮಿಟಿಯ ಹಿರಿಯರೊಬ್ಬರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ನಕಲನ್ನು ಓದಿದಾಗ ಅವರು ಕನ್ನಡಕ ಮತ್ತೆ ಹಾಕಿಕೊಂಡರು, ಯಾರೂ ನಗಲಿಲ್ಲ. ಗೈಡ್ ಹಾಳೆ ಇಸಿದುಕೊಂಡು ತಾವೇ ಓದಿ ನೋಡಿದರು. ಊಹೂಂ, ಆಗಲೂ ನಗು ಬರಲಿಲ್ಲ. ಅನಾಮಿಕನ ಉಳಿದ ಕರಪತ್ರಗಳಲ್ಲೂ ಆ ಹುಸಿ ಗೌರವ ಇದೆಯೇ, ತೋರಿಸು ಎಂದರು. ಒಂದೊಂದಾಗಿ ತೋರಿಸುತ್ತ ಹೋದೆ. ಅವರೇ ಸಾಕು ಎನ್ನುವವರೆಗೂ ನಿಲ್ಲಿಸಲಿಲ್ಲ. ಅಂಥ ಖುಷಿ ನನಗೆ ಆಮೇಲೆ ಮದುವೆಯ ದಿನವೂ ಆಗಲಿಲ್ಲ.

“ಹಾಗಾದರೆ ನನ್ನ ಪುಸ್ತಕ ತಪ್ಪು,” ಎಂದರು ಗೈಡ್, ಎಲ್ಲರ ಎದುರಿಗೆ. “ಅದನ್ನೂ ಬರಿ. ಅಡಿಟಿಪ್ಪಣಿಯಲ್ಲಿ ಅಡಗಿಸಬೇಡ.”

ನಾನೇನು ಅಡಗಿಸುವವಳೇ? ಅಧ್ಯಾಯದ ಮೊದಲ ವಾಕ್ಯವೇ ಅದು, ಅವರ ಪೂರ್ತಿ ಹೆಸರಿನ ಸಮೇತ.