ಕಾಲುವೆಯಲ್ಲಿ ಒಣಹಾಕಿದ್ದ ಮೆಣಸಿನಕಾಯಿ

ಶಹಾಪುರದ ಹೊರಗೆ ಅರ್ಧಕ್ಕೆ ನಿಂತಿರುವ ಹೊಸ ರಸ್ತೆಯ ಮೇಲೆ ಒಬ್ಬಳು ಮೆಣಸಿನಕಾಯಿ ಹರವಿದ್ದಳು. ಕಾದ ಸಿಮೆಂಟಿನಿಂದೆದ್ದ ಆ ಘಾಟು ಮೂಗಿಗೆ ಬಡಿದದ್ದೇ ತಡ, ನಾನು ಚಿಕ್ಕಂದಿನ, ಕೆಂಭಾವಿ ಹತ್ತಿರದ ನಮ್ಮೂರಿನ ಕಾಲುವೆಗೆ ಇಳಿದುಬಿಟ್ಟಿದ್ದೆ.

ನಮ್ಮಲ್ಲಿ ಕಾಲುವೆಗೆ ಸಿಮೆಂಟು ಹಾಕಿ ಮುಗಿದಿತ್ತು. ಆದರೆ ಮೇಲುಗಡೆ ಕಾಲುವೆಯನ್ನು ಹಳ್ಳ ದಾಟಿಸುವ ಸೇತುವೆಯ ಕೆಲಸ ನಿಂತುಹೋಗಿ, ವರ್ಷಗಟ್ಟಲೆ ನೀರೇ ಬರಲಿಲ್ಲ. ಊರ ಹೆಂಗಸರು ಆ ನುಣ್ಣನೆಯ ತಳಕ್ಕೆ ಸುಣ್ಣದ ಗೆರೆ ಎಳೆದು, ಕಾಳುಕಡಿ ಒಣಗಿಸಲು ಮನೆಗಿಷ್ಟು ಎಂದು ಹಂಚಿಕೊಂಡಿದ್ದರು. ಗೆರೆ ಒಂದು ಗೇಣು ಸರಿದಿದೆಯೆಂದು ನಮ್ಮಜ್ಜಿ ಪಕ್ಕದ ಮನೆಯ ಶರಣಮ್ಮನ ಜೊತೆ ಮಾತು ಬಿಟ್ಟಿದ್ದಳು.

ಒಂದು ಬೆಳಿಗ್ಗೆ ಡಂಗುರದವನು, "ಇವತ್ತು ನೀರು ಬಿಡ್ತಾರ್ರೀ!" ಎಂದು ಸಾರಿದ.

ಅಜ್ಜಿ ವರ್ಷದ ಮೆಣಸಿನಕಾಯಿ ಹರವುತ್ತಲೇ, "ಹ್ವಾದ ವರ್ಷನೂ ಹಿಂಗ ಅಂದಿದ್ದಿ, ಹೋಗೋ" ಎಂದಳು.

ಮಧ್ಯಾಹ್ನ ನೀರು ಬಂದೇಬಿಟ್ಟಿತು. ನಾವು ಓಡಿಹೋಗುವಷ್ಟರಲ್ಲಿ ಕಾಲುವೆ ತುಂಬ ಕೆಂಪಗೆ ತೇಲುತ್ತಿತ್ತು. ಹರಿವಿನ ಕೆಳಗೆ, ತನ್ನ ಪಾಲಿನ ಜಾಗದಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ ಶರಣಮ್ಮ ಕೂಗಿದಳು: "ಯವ್ವಾ, ನಿನ್ನ ಮೆಣಸಿನಕಾಯಿ ನನ್ನ ಗೆರಿ ದಾಟಾಕತ್ತಾವ, ಹಿಡೀಲೇನು?"

"ಹಿಡಿಯವ್ವಾ, ಹಿಡಿ! ಅರ್ಧ ನಿನಗ!"

ಆ ವರ್ಷ ನಮ್ಮ ಸಾರು ಸಪ್ಪಗಿತ್ತು. ಆದರೆ ಉಳಿದಷ್ಟನ್ನು ಇಬ್ಬರೂ ಒಂದೇ ಒರಳಿನಲ್ಲಿ, ನಗುತ್ತ ಸೀನುತ್ತ ಕುಟ್ಟಿದರು.

"ರಸ್ತಾ ಯಾವಾಗ ಚಾಲೂ ಆಗ್ತದವ್ವಾ?" ಎಂದು ಇವತ್ತು ಆ ಹೆಂಗಸನ್ನು ಕೇಳಿದೆ.

"ಈ ವರ್ಷ ಅಂತೂ ಇಲ್ರಿ" ಎಂದು ಅವಳು ನಿಶ್ಚಿಂತೆಯಿಂದ ಕಾಯಿ ಹೊರಳಿಸಿದಳು. ನಾನು ಮಾತ್ರ, ರೋಡ್ ರೋಲರ್ ಏನಾದರೂ ಬರುತ್ತಿದೆಯೇ ಎಂದು ಒಮ್ಮೆ ಹಿಂತಿರುಗಿ ನೋಡಿದೆ.