ಭಾನುವಾರದ ಪಾಠ, ಮಂಗಳವಾರದ ಪಾಠ

ಟೊರಾಂಟೊ ಪಕ್ಕದ ಕಾಲೇಜೊಂದರಲ್ಲಿ ಎಂಜಿನಿಯರಿಂಗ್ ಮಕ್ಕಳಿಗೆ ನಾನು ನೀತಿ ಹೇಳುತ್ತೇನೆ. ಸೇತುವೆಯಿರಲಿ, ಲಿಫ್ಟಿರಲಿ, ಜನರ ಜೀವ ಮೊದಲು, ನಿಮ್ಮ ನೌಕರಿ ಆಮೇಲೆ ಎನ್ನುವುದು ಆ ಪಾಠದ ಸಾರ. ಇಂಗ್ಲಿಷಿನಲ್ಲಿ ಅದನ್ನು ಹೇಳುವಾಗ ನನ್ನ ಧ್ವನಿಗೇ ಒಂದು ಗತ್ತು ಬರುತ್ತದೆ. ಹೆಂಡತಿ ಅದಕ್ಕೆ ಪ್ರವಚನದ ಧ್ವನಿ ಎಂದು ಹೆಸರಿಟ್ಟಿದ್ದಾಳೆ.

ಹೋದ ಚಳಿಗಾಲದ ಒಂದು ಭಾನುವಾರ ಕ್ಲಾಸಿನ ಹುಡುಗಿಯೊಬ್ಬಳು ನಮ್ಮ ಮನೆಗೆ ಬಂದಿದ್ದಳು. ಉಡುಪಿ ಕಡೆಯವಳು. ಊರಿನ ಮಕ್ಕಳು ಇಲ್ಲಿ ಓದಲು ಬಂದರೆ ಒಮ್ಮೆಯಾದರೂ ಕರೆದು ನೀರುದೋಸೆ ಹಾಕುವುದು ನಮ್ಮಲ್ಲಿ ರೂಢಿ. ಎರಡನೇ ದೋಸೆ ತಟ್ಟೆಯಲ್ಲಿ ಆರುತ್ತಿರುವಾಗ ಅವಳು ವಿಷಯ ತೆಗೆದಳು. ಕಾಲೇಜಿನ ಕಡೆಯಿಂದ ಅವಳಿಗೆ ಬ್ರ್ಯಾಂಪ್ಟನ್ನಿನ ಒಂದು ವೇರ್‌ಹೌಸಿನಲ್ಲಿ ಟ್ರೇನಿಂಗು. ಅಲ್ಲಿ ಸಾಮಾನು ಪೇರಿಸಿಡುವ ಎತ್ತರದ ರ‍್ಯಾಕಿಗೆ ಫೋರ್ಕ್‌ಲಿಫ್ಟು ಗಾಡಿ ಗುದ್ದಿ ಕಂಬ ಬಗ್ಗಿದೆ. ರಿಪೇರಿಗೆ ಮ್ಯಾನೇಜರು ವ್ಯಾಪಾರದ ಸೀಸನ್ ಮುಗಿಯಲಿ ಎನ್ನುತ್ತಾನೆ. ಅದರ ಬುಡದಲ್ಲೇ ಜನ ಕೆಲಸ ಮಾಡುತ್ತಾರೆ.

"ಸರ್ಕಾರದ ಸೇಫ್ಟಿಯವರಿಗೆ ಕಂಪ್ಲೇಂಟ್ ಮಾಡ್ಲಾ ಸರ್? ಮಾಡಿದ್ರೆ ನನ್ನನ್ನು ತೆಗೀತಾರೆ."

"ನಿಂಗೆಂತಕ್ಕೆ ಮಾರಾಯ್ತಿ ಊರ ಉಸಾಬರಿ?" ಎಂದೆ. "ಟ್ರೇನಿಂಗ್ ಹೋದ್ರೆ ಕೋರ್ಸ್ ಮುಗಿಯುದಿಲ್ಲ, ಆಮೇಲೆ ವರ್ಕ್ ಪರ್ಮಿಟ್ಟೂ ಇಲ್ಲ. ಬಾಯಿ ಮುಚ್ಚಿ ಟರ್ಮ್ ಮುಗಿಸು."

ಅವಳು ತಲೆಯಾಡಿಸಿದಳು. ನಾನು ಚಟ್ನಿ ಬಡಿಸಿದೆ. ಒಳ್ಳೆಯ ಬುದ್ಧಿ ಹೇಳಿದೆನೆಂಬ ತೃಪ್ತಿಯಲ್ಲಿ ಆ ಮಧ್ಯಾಹ್ನ ಸೊಗಸಾಗಿ ನಿದ್ದೆಯನ್ನೂ ಹೊಡೆದೆ, ಎಂಥ ಗುರು ನೋಡಿ.

ಮಂಗಳವಾರದ ಕ್ಲಾಸಿನಲ್ಲಿ ಪಾಠವೂ ಅದೇ. ಕೆಲಸದ ಜಾಗದಲ್ಲಿ ಅಪಾಯ ಕಂಡರೆ ಏನು ಮಾಡುತ್ತೀರಿ ಎಂದು ಕೇಳಿದೆ. ದೇವರಾಣೆಗೂ ಅವಳ ಸಂಗತಿ ನನ್ನ ತಲೆಯಲ್ಲಿರಲಿಲ್ಲ. ಅದು ಮನೆಯ ಮಾತು, ಕನ್ನಡದ ಮಾತು, ಇದು ಪಾಠ. ಅವಳೇ ಎದ್ದು ನಿಂತಳು. ಟರ್ಮ್ ಮುಗಿಯುವ ತನಕ ಬಾಯಿ ಮುಚ್ಚಿಕೊಂಡಿರುತ್ತೇನೆ, ನನಗೆ ಪರ್ಮಿಟ್ ಮುಖ್ಯ ಎಂದು ಸ್ಪಷ್ಟವಾದ ಇಂಗ್ಲಿಷಿನಲ್ಲಿ ಹೇಳಿದಳು.

"ತಪ್ಪು" ಎಂದಿತು ಪ್ರವಚನದ ಧ್ವನಿ. "ಹೀಗೆ ಯೋಚಿಸುವವರು ಎಂಜಿನಿಯರ್ ಆಗಬಾರದು."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಆಗ ನನಗೆ ಭಾನುವಾರ ನೆನಪಾಯಿತು. ಇದನ್ನು ಹೇಳಿಕೊಟ್ಟವನು ನಾನೇ ಎಂದು ಒಂದು ಮಾತು ಆಡಬಹುದಿತ್ತು. ಅವಳೂ ನನ್ನ ಕಡೆ ಬೆರಳು ತೋರಿಸಬಹುದಿತ್ತು; ತೋರಿಸಲಿಲ್ಲ, ನನ್ನನ್ನೇ ನೋಡುತ್ತ ನಿಂತಿದ್ದಳು. ನಾನು ಬೋರ್ಡಿನ ಕಡೆ ತಿರುಗಿ ಮುಂದಿನ ಪಾಯಿಂಟ್ ಬರೆಯತೊಡಗಿದೆ. ಹೇಳುವುದು ಶಾಸ್ತ್ರ, ಹಾಕುವುದು ಗಾಳ ಎಂದು ಊರಿನ ಹಿರಿಯರನ್ನು ಆಡಿಕೊಂಡು ನಗುತ್ತಿದ್ದವನು ನಾನು. ನಾಚಿಕೆಯಾಗುತ್ತದೆ, ಈಗಲೂ.

ಕ್ಲಾಸು ಮುಗಿದ ಮೇಲೆ ಕೋಟಿನ ಗುಂಡಿಯನ್ನೂ ಹಾಕದೆ ಅವಳ ಹಿಂದೆ ಬಸ್ ಸ್ಟಾಪಿಗೆ ಓಡಿದೆ.

"ನನ್ನದೇ ತಪ್ಪು" ಎಂದೆ. "ಈಗಲೇ ಕಂಪ್ಲೇಂಟ್ ಮಾಡುವ. ನಾನೂ ಜೊತೆಗೆ ಬರ್ತೇನೆ."

"ಬೇಡ ಸರ್, ನಿನ್ನೆಯೇ ಮಾಡಿ ಆಯ್ತು. ಸೇಫ್ಟಿಯವರು ಬಂದು ಆ ರ‍್ಯಾಕ್ ಖಾಲಿ ಮಾಡಿಸಿದ್ರು. ಮ್ಯಾನೇಜರು ನಂಗೆ ಇನ್ನು ಬರುದು ಬೇಡ ಅಂದ್ರು."

"ನಿನ್ನೆಯೇ ಮಾಡಿದ್ರೆ ಕ್ಲಾಸಲ್ಲಿ ಎಂತಕ್ಕೆ ಹಾಗೆ ಹೇಳಿದ್ದು?"

ಅಷ್ಟರಲ್ಲಿ ಬಸ್ಸು ಬಂತು. ಅವಳು ಬ್ಯಾಗು ಹೆಗಲಿಗೇರಿಸಿದಳು.

"'ಅದು ನಾನೇ ಹೇಳಿಕೊಟ್ಟದ್ದು' ಅಂತ ಎಲ್ಲರೆದುರು ನೀವು ಹೇಳ್ತೀರಾ ಅಂತ ನೋಡಿದೆ ಸರ್. ಭಾನುವಾರ ಹೇಳಿದ್ದಕ್ಕೆ ನಂಗೆ ಬೇಜಾರಿಲ್ಲ. ಫೋನಲ್ಲಿ ಅಪ್ಪನೂ ಅದನ್ನೇ ಹೇಳಿದ್ರು. ಆದ್ರೆ ಅಪ್ಪ ಯಾರಿಗೂ ಎಥಿಕ್ಸ್ ಕಲಿಸುದಿಲ್ಲ."